ಮೊಮ್ಮಗಳ ಎಡಗಾಲಿನ ಲೆಕ್ಕ

ಪ್ರತಿ ರವಿವಾರ ಬೆಳಗಿನ ಆರು ಗಂಟೆಗೆ ಶಿವಬಸವ ನಗರದ ನಮ್ಮ ಮನೆಯಲ್ಲಿ ಒಂದು ಸಣ್ಣ ಬ್ಯಾಂಕು ತೆರೆಯುತ್ತದೆ. ಸಿಬ್ಬಂದಿ ಇಬ್ಬರೇ, ನಾನು ಮತ್ತು ನನ್ನ ಮೊಮ್ಮಗಳು. ಸಾಮಾನು ಎಂದರೆ ದರ್ಜಿಯ ಟೇಪು, ಒಂದು ಉದ್ದನೆಯ ಲೆಕ್ಕದ ಪುಸ್ತಕ, ಒಂದು ಪೆನ್ನು. ಅವಳು ಮಂಚದ ಮೇಲೆ ಕಾಲು ಚಾಚಿ ಕೂರುತ್ತಾಳೆ. ಎರಡೂ ಕಾಲುಗಳ ಪಾದ, ಕಣಕಾಲು, ಮೀನಖಂಡಗಳ ಸುತ್ತಳತೆ ತೆಗೆದು ಬರೆದುಕೊಳ್ಳುತ್ತೇವೆ. ಬಲಗಾಲಿಗೆ ಒಂದು ಕಾಲಂ, ಎಡಗಾಲಿಗೆ ಒಂದು, ಕೊನೆಗೆ ವ್ಯತ್ಯಾಸದ ಕಾಲಂ ಒಂದು. ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದವನು ನಾನು. ಬಿ.ಕಾಂ. ಓದಿದವನಿಗೆ ವೈದ್ಯಶಾಸ್ತ್ರ ಏನು ಗೊತ್ತು? ಆದರೆ ವ್ಯತ್ಯಾಸದ ಕಾಲಂ ಮೇಲೆ ಕಣ್ಣಿಡುವುದು ನನಗೆ ಗೊತ್ತು. ಮಕ್ಕಳೇ, ನಿಮಗೂ ನಿಮ್ಮ ಅಜ್ಜ ಅಜ್ಜಿಯರಿಗೂ ಇಂದು ಆ ಕಾಲಂನ ಕಥೆಯನ್ನೇ ಹೇಳುತ್ತೇನೆ.

ನನ್ನ ಮಗಳನ್ನು ಖಾನಾಪುರಕ್ಕೆ ಕೊಟ್ಟಿದ್ದೇವೆ. ಅವಳ ಮಗಳು ಶಾಲೆಗಾಗಿ ನಮ್ಮಲ್ಲೇ ಇರುತ್ತಾಳೆ. 2022ರ ಜೂನ್‌ನಲ್ಲಿ ಅವಳು ಏಳನೆಯ ತರಗತಿಗೆ ಕಾಲಿಟ್ಟಾಗ ಹೊಸ ಬೂಟು ಕೊಡಿಸಿದೆ. ನಾಲ್ಕೇ ದಿನಕ್ಕೆ, “ಅಜ್ಜಾ, ಎಡಗಾಲಿನ ಬೂಟು ಸಣ್ಣದಾಗೈತಿ” ಎಂದಳು. ಬಲಗಾಲಿನದು ಸರಿಯಾಗಿಯೇ ಇತ್ತು. ಜೋಡಿ ತಪ್ಪಿ ಕೊಟ್ಟಿದ್ದಾನೆಂದು ಸಿಟ್ಟಿನಿಂದ ಅಂಗಡಿಗೆ ಹೋಗಿ ಜಗಳ ತೆಗೆದೆ. ಅಂಗಡಿಯವನು ಎರಡೂ ಬೂಟುಗಳ ಅಟ್ಟೆಗೆ ಅಟ್ಟೆ ಹಚ್ಚಿ ತೋರಿಸಿ, ಮೆಲ್ಲಗೆ, “ಸರ್, ಬೂಟು ಬರೋಬ್ಬರಿ ಐತ್ರಿ. ಹುಡುಗಿ ಕಾಲು ಒಂದ್ಸಲ ನೋಡ್ರಿ” ಎಂದ. ಈಗ ಅನಿಸುತ್ತದೆ, ಆ ರೋಗವನ್ನು ಮೊದಲು ಕಂಡುಹಿಡಿದವನು ಆ ಬೂಟಿನ ಅಂಗಡಿಯವನೇ.

ಪಾದದ ಮೇಲ್ಭಾಗ ಉಬ್ಬಿತ್ತು. ನೋವಿಲ್ಲ, ಕೆಂಪಿಲ್ಲ. ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ನಿಧಾನಕ್ಕೆ ತುಂಬಿಕೊಳ್ಳುತ್ತಿತ್ತು. ಬೆಳಿಗ್ಗೆ ಕಡಿಮೆ, ಸಂಜೆ ಹೆಚ್ಚು. ಎಲ್ಲೋ ಉಳುಕಿದೆ ಎಂದುಕೊಂಡೆವು. ಮುಂದೆ ನಡೆದದ್ದು ನನ್ನ ತಪ್ಪು, ಅದನ್ನು ಮುಚ್ಚಿಡುವುದಿಲ್ಲ. ಪರಿಚಯದವರು ಹೇಳಿದರೆಂದು ಹಳ್ಳಿಯೊಂದರಿಂದ ಸೊಪ್ಪಿನ ಲೇಪ ತಂದು, ಹೆಂಡತಿ ಬೇಡವೆಂದರೂ ಕೇಳದೆ, ರಾತ್ರಿಯಿಡೀ ಬಿಗಿಯಾಗಿ ಕಟ್ಟಿದೆ. ಬೆಳಿಗ್ಗೆ ಬಿಚ್ಚಿದಾಗ ಬೊಬ್ಬೆ ಎದ್ದಿದ್ದವು. ಮೂರನೆಯ ದಿನ ಮೊಣಕಾಲಿನ ತನಕ ಕೆಂಪೇರಿ, ನಡುಕ ಬಂದು, ಜ್ವರ 103 ದಾಟಿತು. ಚರ್ಮದ ಒಡಕಿನಿಂದ ಕ್ರಿಮಿ ಒಳಗೆ ಹೋಗಿ ಸೆಲ್ಯುಲೈಟಿಸ್ ಆಗಿತ್ತು. ಐದು ದಿನ ಆಸ್ಪತ್ರೆ, ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್. ಜ್ವರದಲ್ಲಿ ಅವಳು “ಆಯೀ, ಆಯೀ” ಎಂದು ಅಜ್ಜಿಯನ್ನೇ ಕರೆಯುತ್ತಿದ್ದಳು. ನನ್ನನ್ನು ಕರೆಯಲಿಲ್ಲ. ಕರೆಯದೇ ಇದ್ದದ್ದೇ ಸರಿ ಎಂದು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತು ಅಂದುಕೊಂಡೆ.

ಜ್ವರ ಇಳಿಯಿತು, ಬಾವು ಇಳಿಯಲಿಲ್ಲ. ಆಗ ಆ ಮಾತು ಕೇಳತೊಡಗಿತು: ಆನೆಕಾಲು. ಓಣಿಯಲ್ಲಿ ಪಿಸುಮಾತಾಗಿ, ಶಾಲೆಯಲ್ಲಿ ಜೋರಾಗಿ. ಮೊಮ್ಮಗಳು ಸ್ಕರ್ಟು ಬಿಟ್ಟು ಚೂಡಿದಾರ ಕೇಳಿದಳು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು ಕೊನೆಯ ಬೆಂಚಿಗೆ ಹೋದಳು. ಕಬಡ್ಡಿ ಬಿಟ್ಟಳು. “ಹುಡುಗಿ ಮಗು, ಮುಂದ ಹೆಂಗ?” ಎಂದು ದೊಡ್ಡವರು ಅವಳೆದುರಿಗೇ ಅನ್ನುತ್ತಿದ್ದರು.

ತಪಾಸಣೆಗಳ ಸಾಲು ಶುರುವಾಯಿತು. ಮೂತ್ರಪಿಂಡ ಸರಿಯಿದೆ, ಹೃದಯ ಸರಿಯಿದೆ, ಥೈರಾಯ್ಡ್ ಸರಿಯಿದೆ. ಡಾಪ್ಲರ್ ಮಾಡಿ ನೋಡಿದರೆ ರಕ್ತನಾಳದಲ್ಲಿ ಹೆಪ್ಪಿಲ್ಲ. ಒಂದು ಕಡೆ ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟರು. ಮಗು ದಿನವಿಡೀ ಬಾತ್‌ರೂಮಿಗೆ ಓಡಾಡಿ ಸೊರಗಿದಳೇ ಹೊರತು ಕಾಲು ಸೊರಗಲಿಲ್ಲ.

ಫೈಲೇರಿಯಾ ಪರೀಕ್ಷೆಗೆ ರಾತ್ರಿ ಹತ್ತರ ಮೇಲೆ ಬನ್ನಿ ಎಂದಾಗ ನನಗೆ ಆಶ್ಚರ್ಯ. ಬ್ಯಾಂಕು ಮುಚ್ಚಿದ ಮೇಲೆ ಬರುವ ಗಿರಾಕಿ ಯಾರು? ಆನೆಕಾಲು ತರುವ ಹುಳುವಿನ ಸಣ್ಣ ಮರಿಗಳು ಹಗಲೆಲ್ಲ ಶ್ವಾಸಕೋಶದ ನಾಳಗಳಲ್ಲಿ ಅಡಗಿರುತ್ತವೆ. ರಾತ್ರಿ ಹತ್ತರಿಂದ ಎರಡರ ನಡುವೆ ಹೊರಗಿನ ರಕ್ತಕ್ಕೆ ಬರುತ್ತವೆ. ಅವುಗಳನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದೂ ರಾತ್ರಿಯೇ! ನಿದ್ದೆಗಣ್ಣಿನ ಹುಡುಗಿಯನ್ನು ಆಟೋದಲ್ಲಿ ಕರೆದೊಯ್ದು ಬೆರಳು ಚುಚ್ಚಿಸಿದೆವು. ಹುಳುವಿನ ಮರಿ ಸಿಗಲಿಲ್ಲ. ಸಂತೋಷಪಡಬೇಕೋ ದುಃಖಪಡಬೇಕೋ ತಿಳಿಯಲಿಲ್ಲ. ಯಾವ ರೋಗ ಅಲ್ಲ ಎಂಬುದರ ಪಟ್ಟಿ ಬೆಳೆಯುತ್ತಿತ್ತು. ಯಾವ ರೋಗ ಎಂಬುದು ಮಾತ್ರ ಖಾಲಿ.

ದೀಪಾವಳಿ ಮುಗಿದ ಮೇಲೆ ಒಬ್ಬ ವಯಸ್ಸಾದ ವೈದ್ಯರು ಸಿಕ್ಕರು. ಫೈಲು ಬದಿಗಿಟ್ಟು, ಅವಳ ಎಡಗಾಲಿನ ಎರಡನೆಯ ಬೆರಳಿನ ಬುಡದ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಲು ನೋಡಿದರು. ಆಗಲಿಲ್ಲ. ಬಲಗಾಲಿನಲ್ಲಿ ಚರ್ಮ ಸಲೀಸಾಗಿ ಮಡಿಕೆಯಾಗಿ ಎದ್ದಿತು. “ಇದಕ್ಕ ಸ್ಟೆಮ್ಮರ್ ಗುರುತು ಅಂತಾರ” ಎಂದರು. ನಂತರ ಅವಳ ಕಡೆ ತಿರುಗಿ, “ತಂಗಿ, ನಿನ್ನ ಕಾಲೊಳಗ ನೀರು ಹೊಳ್ಳಿ ಹೋಗೋ ದಾರಿ ಸಣ್ಣದೈತಿ. ನೀ ಏನೂ ತಪ್ಪು ಮಾಡಿಲ್ಲ, ಯಾರಿಗೂ ಅಂಟೂದೂ ಇಲ್ಲ” ಎಂದರು. ಐದು ತಿಂಗಳಲ್ಲಿ ಕಾಲಿನ ಬಗ್ಗೆ ನಮ್ಮ ಜೊತೆ ಮಾತಾಡದೆ ಅವಳ ಜೊತೆಗೇ ಮಾತಾಡಿದ ಮೊದಲ ವೈದ್ಯರು ಅವರು.

ಖಚಿತ ಮಾಡಿಕೊಳ್ಳಲು ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋಗಿ ಲಿಂಫೋಸಿಂಟಿಗ್ರಫಿ ಎಂಬ ಸ್ಕ್ಯಾನ್ ಮಾಡಿಸಿದೆವು. ಕಾಲ್ಬೆರಳುಗಳ ಸಂದಿಯಲ್ಲಿ ಅತಿ ಸ್ವಲ್ಪ ವಿಕಿರಣವಿರುವ ದ್ರವವನ್ನು ಚುಚ್ಚಿ, ಅದು ಮೇಲೇರುವ ದಾರಿಯನ್ನು ಕ್ಯಾಮೆರಾದಲ್ಲಿ ನೋಡುತ್ತಾರೆ. ಬಲಗಾಲಿನ ಗೆರೆ ತೊಡೆಯ ಸಂದಿನ ಗ್ರಂಥಿಗಳ ತನಕ ಚೊಕ್ಕಟವಾಗಿ ಹೋಗಿತ್ತು. ಎಡಗಾಲಿನದು ಪಾದದಲ್ಲೇ ಮಸಿ ಚೆಲ್ಲಿದಂತೆ ನಿಂತುಬಿಟ್ಟಿತ್ತು. ಚಿತ್ರ ನೋಡಿದ ಮೊಮ್ಮಗಳು, “ಅಜ್ಜಾ, ಟ್ರಾಫಿಕ್ ಜಾಮ್” ಎಂದಳು. ರೋಗದ ಹೆಸರು ಪ್ರೈಮರಿ ಲಿಂಫೆಡಿಮಾ, ಅಂದರೆ ಹುಟ್ಟಿನಿಂದಲೇ ದುಗ್ಧನಾಳಗಳ ಬೆಳವಣಿಗೆಯಲ್ಲಿ ಕೊರತೆಯಿದ್ದು ಬರುವ ಬಾವು. ಕೊರತೆ ಹುಟ್ಟಿನಿಂದ ಇದ್ದರೂ ಬಾವು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹರೆಯಕ್ಕೆ ಬರುವ ಹೊತ್ತಿಗೆ. ಅದೂ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಇಪ್ಪತ್ತು ವರ್ಷದೊಳಗಿನವರಲ್ಲಿ ಲಕ್ಷಕ್ಕೆ ಸುಮಾರು ಒಬ್ಬರಿಗೆ ಬರುವ ಅಪರೂಪದ ತೊಂದರೆ.

ಮಕ್ಕಳೇ, ದುಗ್ಧ ಎಂದರೆ ಹಾಲು. ಶಾಲೆಯ ಪುಸ್ತಕದಲ್ಲಿ ದುಗ್ಧರಸ ಎಂದು ಓದಿರುತ್ತೀರಿ. ಆ ಹೆಸರಿನ ಹಿಂದೊಂದು ಕಥೆಯಿದೆ. 1622ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ ಎಂಬ ವೈದ್ಯ, ಆಗಷ್ಟೇ ಊಟ ಮಾಡಿದ್ದ ನಾಯಿಯೊಂದರ ಹೊಟ್ಟೆ ಸೀಳಿ ನೋಡುತ್ತಿದ್ದಾಗ ಕರುಳಿನ ಸುತ್ತ ಬಿಳಿಯ ಎಳೆಗಳು ಕಂಡವು. ನರಗಳೆಂದುಕೊಂಡು ಒಂದನ್ನು ಚುಚ್ಚಿದ. ಹಾಲಿನಂಥ ದ್ರವ ಹರಿಯಿತು. ಊಟದ ಕೊಬ್ಬನ್ನು ಹೊತ್ತೊಯ್ಯುವ ದುಗ್ಧನಾಳಗಳು ಅವು. ಕಾಲಿನ ನಾಳಗಳಲ್ಲಿರುವ ರಸ ಮಾತ್ರ ಹೆಚ್ಚು ಕಡಿಮೆ ತಿಳಿ ನೀರಿನಂತೆಯೇ ಇರುತ್ತದೆ.

ಈ ನಾಳಗಳ ಕೆಲಸವೇನು? ನನಗೆ ಅರ್ಥವಾದದ್ದು ಬ್ಯಾಂಕಿನ ಭಾಷೆಯಲ್ಲಿ. ರಕ್ತ ಸಣ್ಣ ಸಣ್ಣ ಲೋಮನಾಳಗಳಲ್ಲಿ ಹರಿಯುವಾಗ ದಿನಕ್ಕೆ ಸುಮಾರು 20 ಲೀಟರ್ ದ್ರವ ಜೀವಕೋಶಗಳ ನಡುವೆ ಜಿನುಗುತ್ತದೆ. ಪಠ್ಯಪುಸ್ತಕದ ಲೆಕ್ಕದಂತೆ ಅದರಲ್ಲಿ ಸುಮಾರು 17 ಲೀಟರ್ ಮತ್ತೆ ರಕ್ತನಾಳಕ್ಕೇ ಮರಳುತ್ತದೆ. ಉಳಿದ 3 ಲೀಟರ್? ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಹೊಂದದಿದ್ದರೆ ಆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತಿದ್ದೆವು, ನಂತರ ಹುಡುಕಿ ಸರಿಯಾದ ಖಾತೆಗೆ ಮುಟ್ಟಿಸುತ್ತಿದ್ದೆವು. ಶರೀರದಲ್ಲಿ ಆ ಕೆಲಸ ದುಗ್ಧನಾಳಗಳದ್ದು. ಉಳಿದ ದ್ರವವನ್ನೂ ಅದರಲ್ಲಿನ ಪ್ರೋಟೀನನ್ನೂ ಎತ್ತಿಕೊಂಡು, ದುಗ್ಧಗ್ರಂಥಿಗಳೆಂಬ ನಾಕಾಗಳಲ್ಲಿ ಕ್ರಿಮಿಗಳ ತಪಾಸಣೆ ಮಾಡಿಸಿ, ಕುತ್ತಿಗೆಯ ಬುಡದಲ್ಲಿ ರಕ್ತಕ್ಕೆ ಮರಳಿ ಜಮಾ ಮಾಡುತ್ತವೆ. ಗುಮಾಸ್ತರು ಕಡಿಮೆಯಿದ್ದರೆ ಸಸ್ಪೆನ್ಸ್ ಖಾತೆ ಬೆಳೆಯುತ್ತಲೇ ಹೋಗುತ್ತದೆ. ಅದೇ ಬಾವು. ಮೂತ್ರದ ಮಾತ್ರೆ ಯಾಕೆ ಕೆಲಸ ಮಾಡಲಿಲ್ಲ ಎಂಬುದೂ ಆಗ ತಿಳಿಯಿತು. ನೀರು ಹೋದರೂ ಪ್ರೋಟೀನು ಅಲ್ಲೇ ಉಳಿದು ಮತ್ತೆ ನೀರನ್ನು ಎಳೆದುಕೊಳ್ಳುತ್ತದೆ. ದಿನ ಕಳೆದಂತೆ ಚರ್ಮ ದಪ್ಪವಾಗಿ ಗಟ್ಟಿಯಾಗುತ್ತದೆ. ಸಣ್ಣ ಗಾಯವೂ ದೊಡ್ಡ ಸೋಂಕಾಗುತ್ತದೆ. ನನ್ನ ಲೇಪದ ರಾತ್ರಿ ಆದದ್ದು ಅದೇ.

ಇನ್ನೊಂದು ಮಾತು. ರಕ್ತಕ್ಕೆ ಹೃದಯವೆಂಬ ಪಂಪು ಇದೆ, ದುಗ್ಧರಸಕ್ಕೆ ಅಂಥದ್ದಿಲ್ಲ. ನಾಳಗಳು ತಾವೇ ಮೆಲ್ಲಗೆ ಹಿಂಡುತ್ತವೆ. ಜೊತೆಗೆ ನಾವು ನಡೆದಾಗ ಸ್ನಾಯುಗಳ ಒತ್ತಡ, ಆಳವಾಗಿ ಉಸಿರಾಡಿದಾಗ ಎದೆಯ ಸೆಳೆತ. ಅಂದರೆ ಇದರ ಪಂಪು ನಮ್ಮ ನಡಿಗೆ, ನಮ್ಮ ಉಸಿರು.

ವಂಶದಲ್ಲಿ ಬರುವ ಇಂಥ ಬಾವಿನ ಬಗ್ಗೆ ಅಮೆರಿಕದ ಒಮಾಹಾದ ವೈದ್ಯ ವಿಲಿಯಂ ಮಿಲ್ರಾಯ್ 1892ರಲ್ಲಿ ಬರೆದರು. ಒಂದೇ ಮನೆತನದ ಹಲವು ತಲೆಮಾರುಗಳಲ್ಲಿ ಕಾಲು ಬಾತವರನ್ನು ಪಟ್ಟಿ ಮಾಡಿದ್ದರು. ಹುಟ್ಟಿನಿಂದಲೇ ಕಾಣುವ ಆ ಬಗೆಗೆ ಇಂದಿಗೂ ಅವರ ಹೆಸರಿದೆ. ನಮ್ಮ ಮನೆತನದಲ್ಲಿ ಕೆದಕಿ ಕೇಳಿದರೂ ಯಾರಿಗೂ ಇದ್ದದ್ದು ತಿಳಿಯಲಿಲ್ಲ. ಹಾಗೆ ಯಾರಿಗೂ ಇಲ್ಲದೆ ಒಬ್ಬರಿಗೇ ಬರುವುದೂ ಉಂಟಂತೆ.

ಇದನ್ನು ಪೂರ್ತಿ ವಾಸಿ ಮಾಡುವ ಮಾತ್ರೆ ಇಲ್ಲ, ಹತೋಟಿಯಲ್ಲಿ ಇಡಬಹುದು ಎಂದ ಆ ಹಿರಿಯ ವೈದ್ಯರೇ ಕಾಸರಗೋಡಿನ ಹೆಸರು ಹೇಳಿದರು. ಅಲ್ಲಿ ಚರ್ಮರೋಗ ತಜ್ಞ ಡಾ. ಎಸ್. ಆರ್. ನರಹರಿ ಅವರ ಮುಂದಾಳುತನದಲ್ಲಿ 1999ರಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಸಂಸ್ಥೆಯಿದೆ. ಆಧುನಿಕ ವೈದ್ಯ, ಆಯುರ್ವೇದ, ಯೋಗ ಈ ಮೂರನ್ನೂ ಒಂದು ಸೂರಿನಡಿ ತಂದು, ಆಕ್ಸ್‌ಫರ್ಡಿನ ಚರ್ಮವೈದ್ಯ ಪ್ರಾಧ್ಯಾಪಕ ಟೆರೆನ್ಸ್ ರಯಾನ್ ಅವರ ಸಹಯೋಗದಲ್ಲಿ, ಕಾಲಿನ ಬಾವಿಗೆ ಒಂದು ಚಿಕಿತ್ಸಾ ಕ್ರಮ ರೂಪಿಸಿದ್ದಾರೆ. ಆನೆಕಾಲಿನ ಕಾಟವಿರುವ ನಮ್ಮ ಕಲಬುರಗಿಯಲ್ಲೂ ಕೇರಳದ ಆಲಪ್ಪುಳದಲ್ಲೂ ಹಳ್ಳಿಯ ರೋಗಿಗಳಿಗೆ ಇದನ್ನು ಕಲಿಸಿ, ಫಲಿತಾಂಶ ಅಳೆದು ಪ್ರಕಟಿಸಿದ್ದಾರೆ. “ಅಳೆದು” ಎಂಬ ಮಾತು ಗುಮಾಸ್ತನಿಗೆ ಹಿಡಿಸಿತು. ಒಮ್ಮೆ ಲೇಪದಿಂದ ಕೈ ಸುಟ್ಟುಕೊಂಡವನು ಮತ್ತೆ ಮೂಲಿಕೆಯ ಮಾತು ಕೇಳಿದ್ದು ಅದೊಂದೇ ಕಾರಣಕ್ಕೆ.

2023ರ ಏಪ್ರಿಲ್ ರಜೆಯಲ್ಲಿ ನಾನು, ಹೆಂಡತಿ, ಮೊಮ್ಮಗಳು ಹೊರಟೆವು. ಖಾನಾಪುರ ನಿಲ್ದಾಣದಲ್ಲಿ ಮಗಳು ರೊಟ್ಟಿ ಬುತ್ತಿ ಕೊಟ್ಟಳು. ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದು, ಮಡಗಾಂವದಲ್ಲಿ ಗಾಡಿ ಬದಲಿಸಿ, ಕೊಂಕಣ ರೈಲಿನಲ್ಲಿ ಕಾಸರಗೋಡು. 1956ರ ನವೆಂಬರ್ 1ರಂದು ನಮ್ಮ ಬೆಳಗಾವಿ ಮುಂಬೈ ರಾಜ್ಯದಿಂದ ಮೈಸೂರಿಗೆ ಬಂತು, ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಶತಾಯುಷಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ನೆಲ ಅದು. ಅಲ್ಲಿ ಕನ್ನಡ ಕೇಳಿಸಿದಾಗ ನನ್ನ ಹೆಂಡತಿಯ ಅರ್ಧ ಭಯ ಹೋಯಿತು. “ಹೆದರುವುದು ಬೇಡ ಅಮ್ಮಾ, ಮೊದಲು ಕಾಲು ತೊಳೆಯುವುದನ್ನು ಕಲಿಯೋಣ” ಎಂದರು ಅಲ್ಲಿನ ಒಬ್ಬ ವೈದ್ಯೆ.

ಕಾಲು ತೊಳೆಯಲು ಇಷ್ಟು ದೂರ ಬರಬೇಕೆ ಎಂದುಕೊಂಡೆ. ಬರಬೇಕಿತ್ತು. ಸೋಪು ಹಚ್ಚಿ, ಬೆರಳ ಸಂದಿಗಳನ್ನು ಒಂದೊಂದಾಗಿ ತೊಳೆದು, ಉಜ್ಜದೆ ಒತ್ತಿ ಒತ್ತಿ ಒರೆಸಿ ಪೂರ್ತಿ ಒಣಗಿಸಬೇಕು. ಬೆರಳ ಸಂದಿಯ ಬಿರುಕೇ ಕ್ರಿಮಿಗಳ ಹೆಬ್ಬಾಗಿಲು. ಮೊಮ್ಮಗಳ ಕಿರುಬೆರಳ ಸಂದಿಯಲ್ಲಿ ನಾವು ಎಂದೂ ನೋಡಿರದ ಬಿಳಿಯ ಬಿರುಕಿತ್ತು. ಮೊದಲು ಅದಕ್ಕೇ ಮದ್ದು. ನಂತರ ಮೂಲಿಕೆಗಳ ಫಾಂಟದಲ್ಲಿ, ಅಂದರೆ ಬಿಸಿನೀರಿನಲ್ಲಿ ಮೂಲಿಕೆ ನೆನೆಸಿ ಸೋಸಿದ ನೀರಿನಲ್ಲಿ, ಕಾಲು ಇಳಿಬಿಡುವುದು. ಆಮೇಲೆ ಯೋಗದ ಚಲನೆಗಳು, ಆಳವಾದ ಉಸಿರಾಟ. ಆಮೇಲೆ ಎಣ್ಣೆ ಹಚ್ಚಿ ಹಗುರವಾದ ಕೈಯಿಂದ ನೀವುವುದು. ಕೊನೆಗೆ ಬ್ಯಾಂಡೇಜು, ಬ್ಯಾಂಡೇಜು ಕಟ್ಟಿಕೊಂಡೇ ಮತ್ತೆ ಯೋಗ.

ಈ ಬ್ಯಾಂಡೇಜು ಔಷಧ ಅಂಗಡಿಯಲ್ಲಿ ಸಿಗುವ ಹಿಗ್ಗುವ ಪಟ್ಟಿಯಲ್ಲ. ಇದು ಹೆಚ್ಚು ಹಿಗ್ಗುವುದಿಲ್ಲ. ಸುಮ್ಮನೆ ಕುಳಿತಾಗ ಅಷ್ಟಾಗಿ ಒತ್ತುವುದಿಲ್ಲ. ನಡೆದಾಗ ಸ್ನಾಯು ಉಬ್ಬಿ ಗೋಡೆಗೆ ಒರಗಿದಂತೆ ಅದಕ್ಕೆ ಒತ್ತಿಕೊಳ್ಳುತ್ತದೆ, ನಡುವೆ ಸಿಕ್ಕ ದ್ರವ ಮೇಲಕ್ಕೆ ಸರಿಯುತ್ತದೆ. ಪಾದದಲ್ಲಿ ಒತ್ತಡ ಹೆಚ್ಚು, ಮೇಲೆ ಹೋದಂತೆ ಕಡಿಮೆ ಇರುವಂತೆ ಕಟ್ಟಬೇಕು. ನಾನು ಲೇಪ ಕಟ್ಟಿದ ಹಾಗಲ್ಲ! ನನ್ನ ಹೆಂಡತಿ ಎರಡು ದಿನದಲ್ಲಿ ಕಲಿತಳು. ನಾನು ಐದು ದಿನ ತೆಗೆದುಕೊಂಡೆ. ತಪ್ಪಾಗಿ ಕಟ್ಟಿದಾಗಲೆಲ್ಲ ಮೊಮ್ಮಗಳೇ ಬಿಚ್ಚಿ ನನ್ನ ಕೈಗಿಡುತ್ತಿದ್ದಳು.

ಮೊದಲ ದಿನ ಎಡ ಕಣಕಾಲಿನ ಸುತ್ತಳತೆ 27.5 ಸೆಂ.ಮೀ., ಬಲಗಾಲಿನದು 21.5. ವ್ಯತ್ಯಾಸ 6. ಎರಡು ವಾರ ಕಳೆದು ಹೊರಡುವ ದಿನ ಎಡಗಾಲು 24ಕ್ಕೆ ಇಳಿದಿತ್ತು. ವ್ಯತ್ಯಾಸ ಎರಡೂವರೆ. ಬೆಳಗಾವಿಯಿಂದ ಒಯ್ದಿದ್ದ ಕುಂದಾ ಡಬ್ಬಿಯನ್ನು ಬಂದ ದಿನವೇ ಕೊಡಲು ಸಂಕೋಚಪಟ್ಟು ಇಟ್ಟುಕೊಂಡಿದ್ದೆವು. ಅಂದು ತೆರೆದು ಎಲ್ಲರಿಗೂ ಹಂಚಿದೆವು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ನನ್ನ ಮನಸ್ಸಿನ ಬಾವು ಇನ್ನೂ ಇಳಿದಿರಲಿಲ್ಲ. ಮೇ ಕೊನೆಯಲ್ಲಿ ಖಾನಾಪುರದಲ್ಲಿ ಬೀಗರ ಮನೆಯ ಮದುವೆ. ಬ್ಯಾಂಡೇಜು ಕಂಡ ದೂರದ ಸಂಬಂಧಿ ಹೆಂಗಸೊಬ್ಬರು, “ಏನಾಗೈತ್ರಿ ಕಾಲಿಗೆ?” ಎಂದರು. “ಏನಿಲ್ರಿ, ಜಾರಿ ಬಿದ್ದು ಉಳುಕೈತಿ” ಎಂದೆ. ಒಂದು ವರ್ಷದಿಂದ ಎಲ್ಲರಿಗೂ ಅದನ್ನೇ ಹೇಳುತ್ತ ಬಂದಿದ್ದೆ. ಊಟಕ್ಕೆ ಕುಳಿತಾಗ ಮೊಮ್ಮಗಳು ಏನೂ ಉಣ್ಣಲಿಲ್ಲ. ಸಂಜೆ ಹಿತ್ತಲಲ್ಲಿ ಒಬ್ಬಳೇ ಇದ್ದಾಗ ಹತ್ತಿರ ಹೋದೆ.

“ಅಜ್ಜಾ, ನೀ ಯಾಕ ಸುಳ್ಳು ಹೇಳ್ತಿ?”

“ನಿನ್ನ ಒಳ್ಳೇದಕ್ಕವ್ವಾ. ಜನ ಏನೇನರ ಅಂತಾರ.”

“ಡಾಕ್ಟ್ರು ನಾ ತಪ್ಪು ಮಾಡಿಲ್ಲ ಅಂದಾರ. ನೀ ಮುಚ್ಚಿಟ್ರ ನಾ ತಪ್ಪು ಮಾಡೀನಿ ಅಂದಂಗ ಆಗ್ತೈತಿ.”

ನನ್ನ ಹತ್ತಿರ ಉತ್ತರವಿರಲಿಲ್ಲ. ಮೂವತ್ತಾರು ವರ್ಷ ಒಂದು ರೂಪಾಯಿಯ ಸುಳ್ಳು ಲೆಕ್ಕ ಬರೆಯದವನು ಮನೆಯ ಮಗುವಿನ ಬಗ್ಗೆ ವರ್ಷವಿಡೀ ಸುಳ್ಳು ಲೆಕ್ಕ ಬರೆದಿದ್ದೆ. ಅವಳ ಒಳ್ಳೆಯದಕ್ಕೆ ಎಂದುಕೊಂಡಿದ್ದೆ. ಮದುವೆ, ಮರ್ಯಾದೆ ಎಂಬ ನನ್ನ ಭಯಕ್ಕೆ ಹಾಗೆ ಮಾಡಿದ್ದೆ ಎಂಬುದು ಹದಿಮೂರರ ಹುಡುಗಿಗೆ ನನಗಿಂತ ಮೊದಲು ತಿಳಿದಿತ್ತು. ಮರುದಿನ ಬೆಳಿಗ್ಗೆ ಆ ಹೆಂಗಸರಿದ್ದಲ್ಲಿಗೆ ಅವಳ ಜೊತೆ ಹೋಗಿ, “ನಿನ್ನೆ ನಾ ಸುಳ್ಳು ಹೇಳಿದ್ದೆರಿ” ಎಂದೆ. ಮುಂದಿನದನ್ನು ಅವಳೇ ಹೇಳಿದಳು. ಅವರು ಬೆರಳಿಟ್ಟು ಮುಟ್ಟಿ ನೋಡಿ, “ನಮ್ಮ ತವರಾಗೂ ಒಬ್ಬಾಕಿಗೆ ಹಿಂಗ ಐತ್ರಿ, ಆಕಿ ಮನಿ ಬಿಟ್ಟು ಹೊರಗ ಬರೂದಿಲ್ಲ” ಎಂದರು. ನಾನು ಆಸ್ಪತ್ರೆಯ ವಿಳಾಸ ಬರೆದುಕೊಟ್ಟೆ.

ಶಾಲೆ ಶುರುವಾದ ಮೇಲೆ ಅವಳು ವಿಜ್ಞಾನದ ತರಗತಿಯಲ್ಲಿ ಎದ್ದು ನಿಂತು ತನ್ನ ಸ್ಕ್ಯಾನ್ ಚಿತ್ರ ತೋರಿಸಿ ದುಗ್ಧನಾಳದ ಪಾಠ ಹೇಳಿದಳಂತೆ. ಕಾಡಿಸುವವರು ಅಂದೇ ನಿಲ್ಲಿಸಿದರು ಎಂದು ನಾನು ಹೇಳಲಾರೆ, ಇಬ್ಬರು ಇನ್ನೂ ಕಾಡಿಸುತ್ತಿದ್ದರು. ಆದರೆ ಒಬ್ಬ ಗೆಳತಿ ಬಂದು ಅವಳ ಬೆಂಚಿನಲ್ಲಿ ಕುಳಿತಳು. ಅಷ್ಟು ಸಾಕಾಯಿತು.

ಈಗ ಹಗಲಿಗೆ ಅಳತೆಗೆ ತಕ್ಕ ಒತ್ತುಗಾಲುಚೀಲ ಹಾಕುತ್ತಾಳೆ. ಅದು ಸಡಿಲವಾಗುವುದರಿಂದ ಸುಮಾರು ಆರು ತಿಂಗಳಿಗೊಮ್ಮೆ ಬದಲಿಸಬೇಕು. ನನ್ನ ಪಿಂಚಣಿಯಲ್ಲಿ ಅದಕ್ಕೊಂದು ಕಾಲಂ ಇದೆ. ಸಂಜೆ ಇಬ್ಬರೂ ಕೋಟೆ ಕೆರೆಯ ಸುತ್ತ ನಡೆಯುತ್ತೇವೆ. ಮಲಗುವಾಗ ಕಾಲ ಕೆಳಗೆ ದಿಂಬು. ಬರಿಗಾಲಲ್ಲಿ ಅಂಗಳಕ್ಕೂ ಇಳಿಯುವುದಿಲ್ಲ. ಕೆಲವು ದಿನ ಬೇಸರಪಟ್ಟು ಕಾಲುಚೀಲ ಎಸೆಯುತ್ತಾಳೆ. ಆಗ ನಾನು ಏನೂ ಅನ್ನುವುದಿಲ್ಲ, ಅದನ್ನು ತೊಳೆದು ನೆರಳಿಗೆ ಹಾಕುತ್ತೇನೆ. ಬೆಳಿಗ್ಗೆ ಅವಳೇ ಹಾಕಿಕೊಳ್ಳುತ್ತಾಳೆ.

ನನ್ನ ವಯಸ್ಸಿನವರಿಗೆ ನಾಲ್ಕು ಮಾತು. ಮಗುವಿನ ಒಂದೇ ಕಾಲು ಬಾತು ಇಳಿಯದಿದ್ದರೆ ಉಳುಕೆಂದು ಕೂರಬೇಡಿ. ಲೇಪ ಹಚ್ಚಬೇಡಿ, ಹೇಳಿಕೊಟ್ಟವರಿಲ್ಲದೆ ಬಿಗಿದು ಕಟ್ಟಬೇಡಿ. ಬಾತ ಕಾಲು ಕೆಂಪಾಗಿ ಜ್ವರ ಬಂದರೆ ಅಂದೇ ವೈದ್ಯರಲ್ಲಿಗೆ ಹೋಗಿ. ಎಲ್ಲಕ್ಕಿಂತ ಹೆಚ್ಚಾಗಿ, ಮಗುವಿನ ಕಾಲನ್ನು ಜನರಿಂದ ಮುಚ್ಚಿಡಬೇಡಿ. ಮಕ್ಕಳೇ, ನಿಮಗೆ ಒಂದೇ ಮಾತು. ನಿಮ್ಮ ತರಗತಿಯಲ್ಲಿ ಯಾರಾದರೂ ಕೊನೆಯ ಬೆಂಚಿಗೆ ಸರಿದಿದ್ದರೆ, ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ.

ಕಳೆದ ರವಿವಾರ ಲೆಕ್ಕದ ಪುಸ್ತಕವನ್ನು ಅವಳೇ ಎಳೆದುಕೊಂಡಳು. ಕನ್ನಡಕ ಒರೆಸಿಕೊಂಡು ನಾನು ಟೇಪು ಹಿಡಿದೆ. ಎಡ 23.5, ಬಲ 22. ಬರೆಯುತ್ತ ಬರೆಯುತ್ತ ಹಿಂದಿನ ಸಾಲಿನ ಮೇಲೆ ಬೆರಳಿಟ್ಟು, “ಅಜ್ಜಾ, ಹೋದ ವಾರ ಕಳೆಯೂದು ತಪ್ಪೀಯಲ್ಲ, ಎರಡಲ್ಲ, ಒಂದೂವರೆ” ಎಂದಳು. ನೋಡಿದೆ. ನಿಜ. ಅವಳು ತಿದ್ದಿದಳು, ಪಕ್ಕದಲ್ಲಿ ನಾನು ಸಹಿ ಹಾಕಿದೆ.